ಭಾವ ಹಾಲು ಕಾಯಿಸಿದ ಬಂದರು

ನಮ್ಮ ಭಾವ ಯಾವ ದೇಶಕ್ಕೆ ಹೋದರೂ ನೋಡುವ ಪ್ರೇಕ್ಷಣೀಯ ಸ್ಥಳ ಒಂದೇ: ಅಡುಗೆಮನೆ. ಅದೂ ಬೇರೆಯವರದ್ದು. ಅಥೆನ್ಸಿನ ಗುಡ್ಡದ ಮೇಲೆ ಜನರೆಲ್ಲ ಎರಡೂವರೆ ಸಾವಿರ ವರ್ಷದ ಕಂಬಗಳನ್ನು ನೋಡಿ ಬೆರಗಾಗಿ ನಿಂತಿದ್ದರೆ, ಇವರು ಗೈಡ್ ಹುಡುಗಿಯನ್ನು ಇಷ್ಟು ದೊಡ್ಡ ಗುಡಿಗೆ ನೈವೇದ್ಯ ಎಲ್ಲಿ ಬೇಯಿಸುತ್ತಿದ್ದರು ಎಂದು ಕೇಳಿದರು. ಪಾಪ, ಅವಳ ಪಠ್ಯದಲ್ಲಿ ಅದು ಇರಲಿಲ್ಲ. ಭಾವನೇ ಫೋನಿನಲ್ಲಿ ದಿಕ್ಕು ನೋಡಿಕೊಂಡು, ಆಗ್ನೇಯ ಮೂಲೆಗೆ ಹೋಗಿ, ಅಲ್ಲಿ ಬಿದ್ದಿದ್ದ ಒಂದು ಕಲ್ಲನ್ನು ಒಲೆಯೆಂದು ನಿರ್ಧರಿಸಿ ನಾಲ್ಕು ಫೋಟೊ ತೆಗೆದರು. ಕಂಬಗಳ ಫೋಟೊ ಇವತ್ತಿಗೂ ಅವರ ಫೋನಿನಲ್ಲಿ ಒಂದೂ ಇಲ್ಲ!

ಇವರು ನನ್ನ ಅಕ್ಕನ ಗಂಡ. ಅಟ್ಲಾಂಟಾ ಪಕ್ಕದ ಜಾನ್ಸ್ ಕ್ರೀಕಿನಲ್ಲಿದ್ದಾರೆ, ನಾನು ಕ್ಯಾರಿ ಎಂಬ ಊರಿನಲ್ಲಿ. ನಡುವೆ ಆರು ಗಂಟೆಯ ಹೆದ್ದಾರಿ. ಆ ಹೆದ್ದಾರಿಯಲ್ಲಿ ಭಾವನ ಜೊತೆ ಒಮ್ಮೆ ಪ್ರಯಾಣ ಮಾಡಿದವರು ಮುಂದೆ ವಿಮಾನದಲ್ಲೇ ಓಡಾಡುತ್ತಾರೆ. ಸೌತ್ ಕ್ಯಾರೊಲಿನಾದ ಒಂದು ಸಣ್ಣ ಊರಿನ ತಿಂಡಿ ಹೋಟೆಲಿನಲ್ಲಿ ನಾವು ಗ್ರಿಟ್ಸ್ ತರಿಸಿಕೊಂಡೆವು. ಮೆಕ್ಕೆಜೋಳದ ರವೆಯ ಗಂಜಿ ಅದು. ಭಾವ ಒಂದು ಚಮಚ ತಿಂದು, ಇದು ಒಗ್ಗರಣೆ ಕಾಣದ ಉಪ್ಪಿಟ್ಟು ಎಂದು ತೀರ್ಪು ಕೊಟ್ಟು ಎದ್ದು ಹೋದರು. ಕೈ ತೊಳೆಯಲು ಹೋದರೇನೋ ಎಂದುಕೊಂಡೆ. ಇಪ್ಪತ್ತು ನಿಮಿಷ ಕಳೆದ ಮೇಲೆ ಅಡುಗೆಮನೆಯಿಂದ ಏಪ್ರನ್ ಕಟ್ಟಿಕೊಂಡು ಹೊರಬಂದರು! ಹಿಂದೆ ಆರೂವರೆ ಅಡಿಯ ಅಡುಗೆಭಟ್ಟ, ಅವನ ಕೈಯಲ್ಲಿ ಮೆಣಸಿನಕಾಯಿ ಒಗ್ಗರಣೆ ಕೊಟ್ಟ ಗ್ರಿಟ್ಸ್. ಅವನು ಭಾವನ ಹೆಗಲ ಮೇಲೆ ಕೈ ಹಾಕಿದ್ದ. ನಾನು ಮೆನು ಕಾರ್ಡನ್ನು ಮುಖಕ್ಕೆ ಅಡ್ಡ ಹಿಡಿದು, ಅದರಲ್ಲಿದ್ದ ಅಲರ್ಜಿಯ ಎಚ್ಚರಿಕೆಗಳನ್ನೆಲ್ಲ ಓದಿ ಮುಗಿಸಿದೆ.

ನಾಚಿಕೆ ನನ್ನ ಕುಲಕಸುಬು. ಯಾರೋ ಜೋರಾಗಿ ಮಾತನಾಡಿದರೆ ನನ್ನ ಕಿವಿ ಬಿಸಿಯಾಗುತ್ತದೆ. ಗೇಟು ಮುಚ್ಚಿಬಿಡುತ್ತದೆ, ಪಾಸ್‌ಪೋರ್ಟು ಕಳೆದುಹೋಗುತ್ತದೆ, ಯಾರಾದರೂ ಪೊಲೀಸರನ್ನು ಕರೆದುಬಿಡುತ್ತಾರೆ ಎಂಬ ಮೂರು ಭಯಗಳನ್ನು ಪಾಳಿಯಂತೆ ಕೆಲಸಕ್ಕೆ ಹಚ್ಚಿರುತ್ತೇನೆ. ಇಂಥವನಿಗೆ ಅಂಥ ಭಾವ!

ಭಾವ ಮೊದಲು ಇಷ್ಟೊಂದು ಹೀಗಿರಲಿಲ್ಲ. ಕೋವಿಡ್ಡಿನ ಮೊದಲ ಚಳಿಗಾಲದಲ್ಲಿ ಅಕ್ಕನಿಗೆ ಜ್ವರ ಬಂದು ಹೋಯಿತು. ಹೋಗುವಾಗ ಅವಳ ಮೂಗನ್ನೂ ತೆಗೆದುಕೊಂಡು ಹೋಯಿತು. ಮಲ್ಲಿಗೆ, ಇಂಗು, ಸೋಪು, ಯಾವುದರ ವಾಸನೆಯೂ ಇಲ್ಲ. ಒಂದು ದಿನ ಪಾತ್ರೆಯಲ್ಲಿ ಬೇಳೆ ಸೀದು ಕರಕಲಾಗುತ್ತಿದ್ದರೂ ಅವಳು ಪಕ್ಕದಲ್ಲೇ ಕೂತು ಪುಸ್ತಕ ಓದುತ್ತಿದ್ದಳಂತೆ. ಹೊಗೆಯ ಅಲಾರಂ ಕೂಗಿದಾಗಲೇ ತಿಳಿದದ್ದು. ಅಂದಿನಿಂದ ಅಡುಗೆಮನೆ ಭಾವನ ಕೈಗೆ ಬಂತು. ಡಾಕ್ಟರು, ಮರಳಿ ಬರಬಹುದು, ಬರದೆಯೂ ಇರಬಹುದು, ಪರಿಚಯದ ವಾಸನೆಗಳನ್ನು ದಿನಾ ಮೂಸುತ್ತಿರಲಿ ಎಂದರು. ಅಕ್ಕನಿಗೆ ಪರಿಚಯದ ವಾಸನೆ ಎಂದರೆ ಕಾಫಿ. ಸರಿ, ಪ್ರತಿ ಬೆಳಿಗ್ಗೆ ಭಾವ ಫಿಲ್ಟರ್ ಕಾಫಿ ಮಾಡಿ, ನೊರೆ ಬರುವಂತೆ ಎತ್ತರದಿಂದ ಹೊಯ್ದು, ಲೋಟವನ್ನು ಅವಳ ಮೂಗಿನ ಕೆಳಗೆ ಹಿಡಿಯುತ್ತಾರೆ. "ಬಂತಾ?" ಎನ್ನುತ್ತಾರೆ. ಅಕ್ಕ "ಇಲ್ಲ" ಎನ್ನುತ್ತಾಳೆ. ಭಾವ "ನಾಳೆ ಬರತ್ತೆ ಬಿಡು" ಎನ್ನುತ್ತಾರೆ. ಒಂದು ದಿನವೂ ತಪ್ಪಿಲ್ಲ. ಮನೆಯಲ್ಲಿ ಬರಲಿಲ್ಲವೆಂದರೆ ಬೇರೆ ಗಾಳಿಯಲ್ಲಿ ಬಂದೀತೆಂಬುದು ಅವರ ಸಿದ್ಧಾಂತ. ಹಾಗಾಗಿ ಹೋದಲ್ಲೆಲ್ಲ ಹಿತ್ತಾಳೆಯ ಫಿಲ್ಟರು, ಪುಡಿಯ ಡಬ್ಬಿ, ಥರ್ಮಾಸ್ ಫ್ಲಾಸ್ಕು. ಬೇಕಾದದ್ದು ಹಾಲು ಮತ್ತು ಒಲೆ. ಅವೆರಡೂ ಇರುವುದು ಇನ್ನೊಬ್ಬರ ಅಡುಗೆಮನೆಯಲ್ಲಿ ತಾನೆ?

ಇಷ್ಟೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದ್ದನ್ನೇ ಈಗ ಹೇಳಬೇಕಾಗಿರುವುದು.

ತನ್ನ ದಂತವೈದ್ಯರ ಕ್ಯಾಲೆಂಡರಿನಲ್ಲಿರುವ ಬಿಳಿ ಮನೆಗಳ ದ್ವೀಪವನ್ನು ನೋಡಬೇಕೆಂದು ಅಕ್ಕ ಆಸೆಪಟ್ಟಿದ್ದಳು. ಸಾಮಾನು ಹೊರಲು ನಾನೂ ಹೊರಟೆ. ಅಥೆನ್ಸಿನ ಪಕ್ಕದ ಪಿರೇಯಸ್ ಬಂದರಿನಿಂದ ಬೆಳಿಗ್ಗೆ ಏಳೂವರೆಗೆ ಹಡಗು. ಭಾವ ಹೋಟೆಲಿನ ರೂಮಿನಲ್ಲೇ ಕೆಟಲಿನ ನೀರು ಹಾಕಿ ಡಿಕಾಕ್ಷನ್ ಇಳಿಸಿ ಫ್ಲಾಸ್ಕಿಗೆ ತುಂಬಿಕೊಂಡಿದ್ದರು. ಅಕ್ಕನನ್ನು ಸೂಟ್‌ಕೇಸುಗಳ ಜೊತೆ ಗೇಟಿನ ಹತ್ತಿರ ಬೆಂಚಿನ ಮೇಲೆ ಕೂರಿಸಿ, ಎದುರಿನ ಕಾಫಿ ಅಂಗಡಿಯಿಂದ ತಿಂಡಿ ಕಟ್ಟಿಸಿಕೊಂಡು ಬರಲು ನಾವಿಬ್ಬರೂ ಹೋದೆವು. ಇನ್ನು ಮೂವತ್ತೈದು ನಿಮಿಷವಿತ್ತು. ಟಿಕೆಟನ್ನು ಹನ್ನೊಂದನೆಯ ಸಲ ನೋಡಿಕೊಂಡೆ.

ಅಂಗಡಿ ತುಂಬ ನಮ್ಮಂತೆಯೇ ಹಡಗಿಗೆ ಓಡುವವರು. ಗಲ್ಲಾದ ಹಿಂದೆ ಒಬ್ಬ ಹೆಂಗಸು, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು, ಒಂದು ಕೈಯಲ್ಲಿ ಪಾಲಕ್ ತುಂಬಿದ ಪದರದ ರೊಟ್ಟಿಗಳನ್ನು ಕಟ್ಟುತ್ತ, ಇನ್ನೊಂದು ಕೈಯಲ್ಲಿ ಒಲೆಯ ಮೇಲೆ ಕಾಫಿ ಕುದಿಸುತ್ತಿದ್ದಳು. ಉದ್ದ ಹಿಡಿಯ ಪುಟ್ಟ ಪಾತ್ರೆ ಅದು. ಭಾವ ಅದನ್ನು ಕಂಡರು. "ಲೋ, ನೋಡೋ, ನಮ್ಮ ಒಗ್ಗರಣೆ ಸೌಟು!" ಎಂದರು. ನಾನು ಅವರ ತೋಳು ಹಿಡಿಯುವಷ್ಟರಲ್ಲಿ ಗಲ್ಲಾ ಬದಿಯ ಹಲಗೆ ಎತ್ತಿ ಒಳಗೆ ಹೋಗಿಯಾಗಿತ್ತು.

ಆ ಹೆಂಗಸಿನೊಡನೆ ಅವರು ಏನು ಮಾತನಾಡಿದರೋ ಗದ್ದಲದಲ್ಲಿ ಕೇಳಿಸಲಿಲ್ಲ. ಅವಳು ಯಂತ್ರದ ಕೊಳವೆಯಿಂದ ಹಾಲಿಗೆ ಆವಿ ಊದಿ ಕೊಡಲು ಹೋದದ್ದು ಕಂಡಿತು. ಭಾವ ಕೈ ಅಡ್ಡ ಆಡಿಸಿದ್ದೂ ಕಂಡಿತು. ಆವಿ ಊದಿದ ಹಾಲು ಬಿಸಿಯಾಗುತ್ತದೆಯೇ ಹೊರತು ಕಾಯುವುದಿಲ್ಲ, ಕಾಯದ ಹಾಲಿನಲ್ಲಿ ಕಾಫಿಯ ಘಮ ಏಳುವುದಿಲ್ಲ ಎಂಬುದು ಅವರ ಹಳೆಯ ವಾದ. ಹಾಲು ಉಕ್ಕಿ ಬರಬೇಕು. ಉಕ್ಕಿತು ಕೂಡ, ಅವಳ ಒಲೆಯ ತುಂಬ! ಸಾಲಿನಲ್ಲಿದ್ದವರು ನಿಟ್ಟುಸಿರು ಬಿಟ್ಟರು. ಮುಂದಿದ್ದ ಒಬ್ಬ ಗಡಿಯಾರ ನೋಡಿಕೊಂಡ. ಭಾವ ಯಾವುದನ್ನೂ ಲೆಕ್ಕಿಸದೆ ಒಲೆ ಒರೆಸಿ, ಮತ್ತೆ ಹಾಲಿಟ್ಟರು. ಆಮೇಲೆ ಫ್ಲಾಸ್ಕಿನ ಡಿಕಾಕ್ಷನ್ ಬೆರೆಸಿ, ಎರಡು ಲೋಟ ತೆಗೆದುಕೊಂಡು, ಒಂದನ್ನು ತಲೆಗಿಂತ ಮೇಲೆತ್ತಿ, ಮದುವೆಮನೆಯ ಅಡುಗೆಭಟ್ಟರಂತೆ ಹೊಯ್ಯತೊಡಗಿದರು. ಇಬ್ಬರು ಪ್ರವಾಸಿಗರು ವಿಡಿಯೊ ತೆಗೆಯಲು ಶುರುಮಾಡಿದರು.

ನನ್ನ ಸರದಿ ಬಂತು. ಆ ಹೆಂಗಸು ತಿಂಡಿಯ ಪೊಟ್ಟಣವನ್ನು ಮುಂದಿಟ್ಟು, ಹಿಂದಕ್ಕೆ ಬೆರಳು ತೋರಿಸಿ, ಅವರು ನಿಮ್ಮ ಜೊತೆಯವರೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಸಾಲಿನವರೆಲ್ಲ ನನ್ನತ್ತ ತಿರುಗಿದರು.

"ಅಲ್ಲ" ಎಂದೆ.

ಯೋಚಿಸಿ ಹೇಳಿದ್ದಲ್ಲ. ಬಾಯಿ ತಾನಾಗಿ ಆಡಿತು. ಅಷ್ಟಕ್ಕೇ ನಿಂತಿದ್ದರೆ ಇವತ್ತು ಹೇಗಾದರೂ ಸಮಾಧಾನ ಹೇಳಿಕೊಳ್ಳಬಹುದಿತ್ತು. ಅವಳು ಹುಬ್ಬು ಗಂಟಿಕ್ಕಿ, "ಆದರೆ ನೀವು ತಮ್ಮ ಅಂತ ಅವರೇ ಹೇಳಿದರಲ್ಲ? ನನ್ನ ತಮ್ಮ ಹಸಿದಿದ್ದಾನೆ, ಅವನಿಗೆ ಮೊದಲು ಕೊಡಿ ಅಂದರು" ಎಂದಳು.

"ಅವರು ಎಲ್ಲರನ್ನೂ ಹಾಗೇ ಅಂತಾರೆ" ಎಂದೆ.

ಕಣ್ಣೆತ್ತಿದರೆ ಅವಳ ಹಿಂದೆ ಭಾವ. ಎತ್ತಿದ್ದ ಲೋಟ ಎತ್ತಿದಂತೆಯೇ ಇತ್ತು. ಕಾಫಿಯ ಧಾರೆ ಮಾತ್ರ ನಿಂತಿತ್ತು. ಹೆದರಿಕೆಗೆ ಕಾಲು ಬಂದು ನಾನು ಅಂಗಡಿಯಿಂದ ಹೊರಗಿದ್ದೆ.

ಐದು ನಿಮಿಷದ ನಂತರ ಭಾವ ಬಂದರು. ಒಂದು ಕೈಯಲ್ಲಿ ಮೂರು ಪೇಪರ್ ಲೋಟಗಳಿದ್ದ ರಟ್ಟಿನ ತಟ್ಟೆ, ಇನ್ನೊಂದರಲ್ಲಿ ನಾನು ಗಲ್ಲಾದ ಮೇಲೆ ಮರೆತು ಬಂದಿದ್ದ ತಿಂಡಿಯ ಪೊಟ್ಟಣ. ತಿಂಡಿ ತರಲೆಂದೇ ಹೋದವನು ತಿಂಡಿ ಬಿಟ್ಟು ಓಡಿಬಂದಿದ್ದೆ! ಭಾವ ಅದನ್ನು ನನ್ನ ಕೈಗಿಟ್ಟು, "ತಗೊಳ್ಳಿ, ಮರೆತಿದ್ರಿ" ಎಂದರು. ಇಪ್ಪತ್ತೆರಡು ವರ್ಷ 'ಲೋ' ಎಂದ ಬಾಯಿ ಅದು. ಎರಡು ಏಟು ಹಾಕಿದ್ದರೂ ಅಷ್ಟು ಚುರುಕ್ಕೆನ್ನುತ್ತಿರಲಿಲ್ಲ.

ಏನಾಯಿತೆಂದು ತಿಳಿಯದ ಅಕ್ಕ ಬೆಂಚಿನ ಮೇಲೆ ಕಾಯುತ್ತಿದ್ದಳು. ಭಾವ ಲೋಟವನ್ನು ಅವಳ ಮೂಗಿನ ಕೆಳಗೆ ಹಿಡಿದು, ಬಂತಾ ಎಂದು ಕೇಳಿದರು. ಅಕ್ಕ ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು, ಇಲ್ಲವೆಂದು ತಲೆಯಾಡಿಸಿದಳು. ನಾಳೆ ಬರುತ್ತದೆ ಎಂಬ ಮಾತಿಗಾಗಿ ನಾವಿಬ್ಬರೂ ಕಾದೆವು. ಭಾವ ಹೇಳಲಿಲ್ಲ. ಲೋಟವನ್ನು ಅವಳ ಕೈಗೆ ಕೊಟ್ಟು, ಹಡಗುಗಳ ಕಡೆ ನೋಡುತ್ತ ನಿಂತರು. ಆ ಕಾಫಿಯಷ್ಟು ಒಳ್ಳೆಯ ಕಾಫಿ ನಾನು ಕುಡಿದಿಲ್ಲ, ಆದರೂ ಅರ್ಧ ಲೋಟ ಹಾಗೇ ಬಿಟ್ಟೆ.

ಅಕ್ಕ ನನ್ನ ಕಡೆ ವಾಲಿ, "ಯಾಕೋ, ಏನಾಯ್ತು ಇವರಿಗೆ? ಯಾರಾದ್ರೂ ಏನಾದ್ರೂ ಅಂದ್ರಾ?" ಎಂದು ಪಿಸುಗುಟ್ಟಿದಳು. ತಿಳಿಯದು ಎಂದೆ. ಅರ್ಧ ಗಂಟೆಯಲ್ಲಿ ಅದು ನನ್ನ ಮೂರನೆಯ ಸುಳ್ಳು.

ಹಡಗಿನ ಹಿಂಬಾಗಿಲು ಇಳಿದು ಬಂದರಿಗೆ ತಾಗಿತು. ಲಾರಿ, ಕಾರು, ಜನ ಎಲ್ಲ ಅದೇ ಇಳಿಜಾರಿನ ಮೇಲೆ ಒಟ್ಟಿಗೆ ನುಗ್ಗಿದರು. ನಾನು ಎರಡು ಸೂಟ್‌ಕೇಸು ಎಳೆಯುತ್ತ ಮುಂದೆ, ಅಕ್ಕ ಭಾವ ಹಿಂದೆ. ಪಕ್ಕದಲ್ಲೇ ಏರುತ್ತಿದ್ದ ಒಂದು ಲಾರಿ ಕಪ್ಪು ಹೊಗೆ ಉಗುಳಿತು. ಅಕ್ಕ ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡು, "ಥೂ, ಏನ್ ಡೀಸೆಲ್ ಗಬ್ಬು ರೀ ಇದು" ಎಂದಳು.

ನಾವು ಮೂವರೂ ಇನ್ನೂ ನಾಲ್ಕು ಹೆಜ್ಜೆ ನಡೆದೆವು. ಆಮೇಲೆ ಭಾವ ನಿಂತರು.

"ಏನಂದೆ?"

ಅಕ್ಕನೂ ನಿಂತಳು. ದುಪಟ್ಟಾವನ್ನು ನಿಧಾನವಾಗಿ ಕೆಳಗಿಳಿಸಿದಳು. ಮತ್ತೆ ಉಸಿರೆಳೆದಳು, ಇನ್ನೊಂದು ಸಲ ಎಳೆದಳು. "ಡೀಸೆಲ್ಲು" ಎಂದಳು. ಇಷ್ಟು ವರ್ಷ ಕೊಡಗಿನ ಪುಡಿಗೆ ಬಗ್ಗದ ಮೂಗು ಒಂದು ದರಿದ್ರ ಲಾರಿಗೆ ಬಗ್ಗಿತ್ತು! ಹಿಂದಿನವರು ತಳ್ಳುತ್ತಿದ್ದರು, ಹಡಗಿನವನೊಬ್ಬ ಸೀಟಿ ಊದುತ್ತಿದ್ದ. ಭಾವ ಹಾಡಬಹುದು, ಇಡೀ ಹಡಗಿಗೆ ಕೂಗಿ ಹೇಳಬಹುದು ಎಂದು ನಾನು ಕಾದೆ. ಅವತ್ತು ಅವರು ಏನು ಮಾಡಿದ್ದರೂ ನಾನು ನಾಚುತ್ತಿರಲಿಲ್ಲ. ಭಾವ ಏನೂ ಮಾಡಲಿಲ್ಲ. ಅಕ್ಕನ ಕೈ ಹಿಡಿದು, ಚಿಕ್ಕ ಮಗುವನ್ನು ರಸ್ತೆ ದಾಟಿಸುವಂತೆ ಮೇಲೆ ಕರೆದುಕೊಂಡು ಹೋದರು, ಅಷ್ಟೆ.

ಕಾದಿರಿಸಿದ ಸೀಟಿಗೆ ಅಕ್ಕ ಬರಲಿಲ್ಲ. ಹೊಗೆಕೊಳವೆಯ ಕೆಳಗೆ, ಎಲ್ಲರೂ ಮೂಗು ಮುಚ್ಚಿಕೊಂಡು ದೂರ ಸರಿಯುವ ಕಟಕಟೆಯ ಹತ್ತಿರ ನಿಂತಳು. ಊದುಬತ್ತಿಯ ಎದುರು ನಿಂತವಳಂತೆ ಕಣ್ಣು ಮುಚ್ಚಿ ಉಸಿರಾಡುತ್ತಿದ್ದಳು. ಪಕ್ಕದಲ್ಲಿ ಭಾವ. ಹೇಳಿಬಿಡಬೇಕೆಂದು ಹತ್ತಿರ ಹೋದೆ. "ಭಾವ, ಅಂಗಡೀಲಿ ನಾನು..."

ಅವರು ನನ್ನ ಕಡೆ ತಿರುಗಲೂ ಇಲ್ಲ. "ಆಮೇಲೆ ಹೇಳುವಿಯಂತೆ ಸುಮ್ನಿರೋ. ಅವಳು ಮೂಸ್ತಿದ್ದಾಳೆ."

ಆ ಹೊಗೆಯಲ್ಲಿ ಮೂವರೂ ಕೆಮ್ಮುತ್ತ ಬಹಳ ಹೊತ್ತು ನಿಂತಿದ್ದೆವು. ಊರಿಗೆ ಮರಳಿದ ಮೇಲೂ ಎರಡು ಸಲ ಆ ಮಾತು ತೆಗೆಯಲು ಹೋದೆ. ಎರಡು ಸಲವೂ ಭಾವ ಒಲೆಯ ಮೇಲೆ ಹಾಲಿದೆ ಎಂದು ಎದ್ದು ಹೋದರು.