ಬೀಗರೂ ಸಮರ್ಕಂದವೂ

ಬೀಗರ ಜೊತೆ ಸೇರಿ ಯಾವ ಕೆಲಸಕ್ಕೂ ಕೈ ಹಾಕಬಾರದು. ಗೊತ್ತಿದ್ದೂ ಹಾಕುತ್ತೇನೆ. ಅದಕ್ಕೇ ನನಗೆ ಇಂಥವು ಆಗುತ್ತಲೇ ಇರುತ್ತವೆ.

ನಾನು ಹೆಣ್ಣು ಕೊಟ್ಟವನು. ಮಗಳನ್ನು ಸೊರಬಕ್ಕೆ ಕೊಟ್ಟಿದ್ದೇನೆ. ಹೆಣ್ಣು ಕೊಟ್ಟವನು ಗಂಡಿನ ಕಡೆಯವರಿಗಿಂತ ಮೊದಲು ಕೂರಬಾರದು, ಮೊದಲು ಉಣ್ಣಬಾರದು. ನನ್ನ ಬೀಗರು ಒಳ್ಳೆಯವರು. ಅವರೂ ನನಗಿಂತ ಮೊದಲು ಏನೂ ಮಾಡುವುದಿಲ್ಲ. ತೊಂದರೆ ಇರುವುದು ಅಲ್ಲೇ.

ಟೈಲ್ಸು

ಶಿಕಾರಿಪುರದಲ್ಲಿ ನನ್ನದು ಟೈಲ್ಸ್ ಅಂಗಡಿ. ಈಗ ಮಗ ನೋಡಿಕೊಳ್ಳುತ್ತಾನೆ. ಬಚ್ಚಲು, ಅಡಿಗೆಮನೆ, ಪಾಯಿಖಾನೆ ಎಂದು ಆಯುಷ್ಯವೆಲ್ಲ ಟೈಲ್ಸ್ ಮಾರಿದೆ. ಒಂದು ವರ್ಷ ಕಂಪನಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ಉಜ್ಬೇಕಿಸ್ತಾನದ ಸಮರ್ಕಂದ್ ಎಂಬ ಊರಿನ ಚಿತ್ರ ಬಂತು. ಗೋಡೆ, ಕಮಾನು, ಗುಮ್ಮಟ, ಎಲ್ಲಕ್ಕೂ ನೀಲಿ ಟೈಲ್ಸು. ಸುಮಾರು ಆರುನೂರು ವರ್ಷದ ಹಿಂದಿನ ಕೆಲಸವಂತೆ. ನಡುವೆ ದುರಸ್ತಿ ಆಗಿದೆಯಂತೆ. ಆಗಲಿ. ನಾನು ಮಾರಿದ್ದು ಆರು ವರ್ಷಕ್ಕೆ ಎದ್ದು ಬರುತ್ತದೆ.

ವರ್ಷ ಮುಗಿದರೂ ಆ ಹಾಳೆಯನ್ನು ಗೋಡೆಯಿಂದ ತೆಗೆಯಲಿಲ್ಲ. ಒಮ್ಮೆ ಅದರ ಎದುರು ನಿಲ್ಲಬೇಕು. ಬೇರೆ ಆಸೆ ನನಗೆ ಇರಲಿಲ್ಲ. ಮಂಡಿ ತೋರಿಸಲು ಹೋದಾಗ ಡಾಕ್ಟರು, "ಎಲ್ಲಿಗಾದರೂ ಹೋಗೋದಿದ್ರೆ ಈ ವರ್ಷವೇ ಹೋಗಿಬನ್ನಿ" ಎಂದರು. ಸೊರಬದ ಬೀಗರ ಕಿವಿಗೆ ಹಾಕಿದೆ. "ನಾನೂ ಬರ್ತೆ" ಎಂದರು. ಖುಷಿಯಾಯಿತು. ಆಗಬಾರದಿತ್ತು.

ಪಕ್ಕದ ಮನೆಯವನಿಗೂ ಹೇಳಿದೆ.

"ಟೈಲ್ಸ್ ನೋಡಾಕ ವಿಮಾನ ಹತ್ತೀರೇನ್ರೀ?"

"ಹೌದು."

"ನಮ್ಮ ಬಚ್ಚಲಿಗೆ ಬರ್ರಿ. ನೀವು ಕೊಟ್ಟಿದ್ದ ಅದಾವಲ್ಲ, ನೋಡೂವಂತ್ರಿ. ಚಪ್ಪಲಿ ಮಾತ್ರ ಬಿಡಬ್ಯಾಡ್ರಿ. ಚೂರು ಚುಚ್ಚತಾವ."

ತಿಂಗಳು ಗೊತ್ತು ಮಾಡಿದ್ದು

ಯಾವ ತಿಂಗಳು ಹೋಗುವುದೆಂದು ಬೀಗರಿಗೆ ಫೋನು ಮಾಡಿದೆ.

"ನಿಮಗೆ ಯಾವಾಗ ಅನುಕೂಲ ಬೀಗ್ರೆ?" ಎಂದರು.

"ನಿಮಗೆ ಯಾವಾಗಲೋ ಆವಾಗ."

"ಹಂಗಲ್ಲ, ನೀವು ಹೇಳಿ."

"ನೀವು ಹೇಳಿದ ಮೇಲೆ ನಂದೇನೈತ್ರಿ."

"ಏಪ್ರಿಲ್ಲಲ್ಲಿ ಹವಾ ಚೆನ್ನಾಗಿರ್ತದಂತೆ. ಹಂಗಂತ ನಾನು ಏಪ್ರಿಲ್ ಅಂತ ಹೇಳ್ತಾ ಇಲ್ಲ."

ನನಗೆ ಏಪ್ರಿಲ್ಲೇ ಬೇಕಿತ್ತು. ಆದರೆ ಅವರು ಹೇಳುತ್ತಿಲ್ಲ ಎಂದ ತಿಂಗಳನ್ನು ನಾನು ಹೇಗೆ ಹೇಳಲಿ. ಮಳೆ, ಮೊಮ್ಮಗನ ಕೆಮ್ಮು ಎಲ್ಲ ಮಾತಾಡಿ ಇಟ್ಟೆವು.

"ಏನ್ ಗೊತ್ತಾತು?" ಎಂದು ಹೆಂಡತಿ ಕೇಳಿದಳು.

"ಅವರೂ ಆರಾಮದಾರಂತ" ಎಂದೆ.

ಏಪ್ರಿಲ್ ಬಂದು ಹೋಯಿತು.

ಬಳ್ಳಿಗಾವಿಯಲ್ಲಿ ತಾಲೀಮು

ಅಷ್ಟು ದೂರ ಹೋಗಿ ನಡೆಯಲಾಗದಿದ್ದರೆ ಕಷ್ಟ, ಮೊದಲು ಹತ್ತಿರದಲ್ಲಿ ನಡೆದು ನೋಡಿ ಎಂದು ಮಗಳು ಹೇಳಿದಳು. ಬಳ್ಳಿಗಾವಿಗೆ ಹೋದೆವು. ಬೀಗರು ಸೊರಬದಿಂದ ಬಂದರು, ನಾನು ಶಿಕಾರಿಪುರದಿಂದ. ದೇವಸ್ಥಾನದ ಬಾಗಿಲವರೆಗೆ ಮಂಡಿ ಚೆನ್ನಾಗಿ ಬಂತು.

ಬಾಗಿಲಲ್ಲಿ ಬೀಗರು ಕೈ ತೋರಿಸಿ, "ನಡೀರಿ" ಎಂದರು.

"ಛೆ, ನೀವು ಮುಂದೆ."

"ಇದು ನಿಮ್ಮ ತಾಲ್ಲೂಕು ಮಾರಾಯ್ರೆ."

"ಅದಕ್ಕ ನೀವು ಅತಿಥಿ."

ಹುಬ್ಬಳ್ಳಿ ಕಡೆಯ ಒಂದು ಬಸ್ಸಿನ ಜನ ನಮ್ಮ ನಡುವೆಯೇ ಒಳಗೆ ಹೋದರು. ನೋಡಿಕೊಂಡು ನಮ್ಮ ನಡುವೆಯೇ ಹೊರಗೂ ಬಂದರು. ಕೊನೆಗೆ ಕಾವಲಿನವನು ಬೀಗದ ಕೈ ಹಿಡಿದು ಬಂದ.

"ಬಾಗಿಲು ಹಾಕೂ ಹೊತ್ತಾತು ಯಜಮಾನ್ರ. ನಾಳೆ ಬರ್ರಿ. ಬೇರೆ ಬೇರೆ ಬರ್ರಿ."

ಬುತ್ತಿ

ಹೆಂಗಸರಲ್ಲಿ ಈ ಬೀಗತನ ಇಲ್ಲ. ನಾವು ಪಾಸ್‌ಪೋರ್ಟಿಗೆ ಹೋದಾಗ, ಹೇಗೂ ಗಾಡಿ ಮಾಡಿದ್ದೀರಲ್ಲ ಎಂದು ಅವರಿಬ್ಬರೂ ಹತ್ತಿಕೊಂಡು ಬಂದು ತಮ್ಮದನ್ನೂ ಮಾಡಿಸಿಕೊಂಡಿದ್ದರು. ಸಮರ್ಕಂದದಲ್ಲಿ ಎಲ್ಲದಕ್ಕೂ ಮಾಂಸ ಹಾಕುತ್ತಾರೆಂದು ಕೇಳಿ, ದಿನ ಗೊತ್ತಾಗುವ ಮೊದಲೇ ನಮಗೆ ಬುತ್ತಿ ಕಟ್ಟಲು ಸೊರಬದಲ್ಲಿ ಕೂತರು. ನನ್ನ ಹೆಂಡತಿ ಖಡಕ್ ರೊಟ್ಟಿ ತಂದಿದ್ದಳು. ಬೀಗಿತ್ತಿ ಹಲಸಿನ ಹಪ್ಪಳ ಇಟ್ಟಿದ್ದರು.

"ಹಪ್ಪಳ ಅಲ್ಲಿ ಯಾರು ಕರೀತಾರ?" ಎಂದಳು ಇವಳು.

"ನಿಮ್ಮ ರೊಟ್ಟಿ ಮುರಿಯಕ್ಕೆ ಅಲ್ಲಿ ಹಲ್ಲು ಯಾರಿಗಿದೆ?" ಎಂದರು ಅವರು.

ಇಬ್ಬರೂ ನಕ್ಕು, ಎರಡನ್ನೂ ತುಂಬಿ ಪೆಟ್ಟಿಗೆ ಮುಚ್ಚಿದರು. ನಮ್ಮ ಬಟ್ಟೆ ಹೊರಗೆ ಉಳಿಯಿತು.

ಎರಡು ಸೀಟು

ಶಿವಮೊಗ್ಗದಲ್ಲಿ ಪ್ರವಾಸ ಕರೆದೊಯ್ಯುವ ಒಬ್ಬರಿದ್ದಾರೆ. ಸಮರ್ಕಂದಕ್ಕೆ ಅವರ ಆ ವರ್ಷದ ಕೊನೆಯ ಗುಂಪು ಹೊರಡುವುದಿತ್ತು. ಇಬ್ಬರೂ ಹೋಗಿ ಕೂತೆವು.

"ಎರಡೇ ಸೀಟು ಉಳಿದಿರೋದು. ಹ್ಞೂಂ ಅಂದ್ರೆ ಬರ್ಕೊಳ್ತೀನಿ" ಎಂದರು ಅವರು.

ನಾನು ಬೀಗರ ಮುಖ ನೋಡಿದೆ. ಬೀಗರು ನನ್ನ ಮುಖ ನೋಡಿದರು.

"ನಿಮ್ಮದು ಹ್ಞೂಂ ಆದ್ರೆ ನಮ್ಮದೂ ಹ್ಞೂಂ" ಎಂದೆ.

"ನಿಮಗೆ ಭಾರ ಆಗೋದಾದ್ರೆ ಬೇಡ" ಎಂದರು ಬೀಗರು.

ಭಾರ ಅವರಿಗೇ ಆಗುತ್ತಿದೆಯೇನೋ ಎಂದು ನನಗನ್ನಿಸಿತು. ಸಂಜೆಯೊಳಗೆ ಯಾರಾದರೂ ಒಬ್ಬರು ಫೋನಿನಲ್ಲಿ ಹೇಳಿ ಎಂದು ಪ್ರವಾಸದವರು ನಮ್ಮನ್ನು ಕಳಿಸಿದರು. ಬೀಗರು ಹೇಳಲಿ ಎಂದು ನಾನು ಕಾದೆ. ನಾನು ಹೇಳಲಿ ಎಂದು ಅವರು ಕಾದರು. ಆಸೆ ಇದ್ದವನು ನಾನು. ಬಾಯಿ ಬಿಡಬೇಕಿತ್ತು.

ಸಂಜೆ ಸ್ನಾನ ಮುಗಿಸಿ ಬರುವಾಗ ಹೆಂಡತಿ ನನ್ನ ಫೋನು ಕೆಳಗಿಡುತ್ತಿದ್ದಳು.

"ಶಿವಮೊಗ್ಗದವರು ಮಾಡಿದ್ರು. ಹ್ಞೂಂ ಅಂದೆ."

ನನಗೆ ಅವಳ ಮೇಲೆ ಅಂದಿನಷ್ಟು ಪ್ರೀತಿ ಎಂದೂ ಬಂದಿರಲಿಲ್ಲ.

"ಯಾರ ಹೆಸರು ಅಂದ್ರು. ಬೀಗಿತ್ತಿಗೆ ಫೋನ್ ಮಾಡಿ ಹೋಗೂಣೇನು ಅಂದೆ. ಹೋಗೋಣ ಅಂದ್ರು. ನಮ್ಮಿಬ್ಬರದೂ ಕೊಟ್ಟೆ."

ಟವೆಲು ಕೈಯಲ್ಲೇ ಉಳಿಯಿತು.

"ನನ್ನ ಒಂದು ಮಾತು ಕೇಳಬಾರದಾಗಿತ್ತಾ?"

"ಕೇಳಿದ್ರ ನೀವು ಬೀಗರನ್ನ ಕೇಳತಿದ್ರಿ. ಬೀಗರು ನಿಮ್ಮನ್ನ ಕೇಳತಿದ್ರು. ಅಷ್ಟೊತ್ತಿಗೆ ವಿಮಾನ ಹೋಗಿ ತಿರುಗಿ ಬಂದಿರತಿತ್ತು."

ಸಮರ್ಕಂದದಿಂದ ಕರೆ

ಹೆಂಗಸರು ಹೋದರು. ಊಟಕ್ಕೆಂದು ಮಗಳು ನನ್ನನ್ನು ಸೊರಬಕ್ಕೆ ಕರೆಸಿಕೊಂಡಳು. ಒಂದು ಮಧ್ಯಾಹ್ನ ಬೀಗರ ಫೋನಿಗೆ ವಿಡಿಯೋ ಕರೆ ಬಂತು. ಬೀಗರು ಫೋನನ್ನು ನನ್ನ ಕೈಗೇ ಕೊಟ್ಟರು. ಅದರಲ್ಲಿ ನನ್ನ ಹೆಂಡತಿ. ಅವಳ ತಲೆಯ ಸುತ್ತ ಏನೋ ನೀಲಿ.

"ಸ್ವಲ್ಪ ಸರಿ" ಎಂದೆ.

"ಗುಳಿಗಿ ತಗಂಡ್ರಾ?"

"ತಗಂಡೆ. ಅತ್ತಾಗ ಸರಿ."

ಹೆಂಡತಿಗೆ ಹೀಗೆ ಹೇಳಬಹುದು. ಸರಿದಳು. ಕಮಾನಿನ ಒಂದು ಅಂಚು ಕಂಡಿತು. ಅಷ್ಟರಲ್ಲಿ, "ಬೀಗ್ರಿದಾರಾ? ಕೊಡಿ, ಮಾತಾಡಿಸ್ತೆ" ಎಂದು ಬೀಗಿತ್ತಿ ಬಂದು ನಿಂತರು. ಸರಿಯಾಗಿ ಅಡ್ಡ.

ಕುರ್ಚಿಯಿಂದ ಎದ್ದು ನಮಸ್ಕಾರ ಮಾಡಿದೆ. ಬೀಗಿತ್ತಿಗೆ ಪಕ್ಕಕ್ಕೆ ಸರಿಯಿರಿ ಎನ್ನುವ ಗಂಡಸು ಈ ಎರಡು ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಬೀಗರ ಕಡೆ ನೋಡಿದೆ. ಅವರು ಹೇಳಬಹುದಿತ್ತು. ಬೀಗರ ಎದುರಿಗೆ ಹೆಂಡತಿಯನ್ನು ಗದರುವುದು ಹೇಗೆಂದು ಅವರು ನೆಲ ನೋಡುತ್ತಿದ್ದರು.

ಬೀಗಿತ್ತಿ ಅಲ್ಲಿಯ ತಟ್ಟೆಯಷ್ಟು ಅಗಲದ ಬ್ರೆಡ್ಡು, ಬಿಸಿಲು, ತಮ್ಮ ಕಾಲುನೋವು ಎಲ್ಲ ಹೇಳಿದರು. ನಾನು ಅವರ ಕಿವಿಯ ಪಕ್ಕ ನೋಡುತ್ತಿದ್ದೆ. ಅಲ್ಲಿ ಎರಡು ಟೈಲ್ಸು ಕಾಣುತ್ತಿದ್ದವು. ಸಂದಿ ಗೊತ್ತಾಗದ ಹಾಗೆ ಕೂರಿಸಿದ್ದರು. ಅಂಥ ಕೈ ನಾನು ಕಂಡಿಲ್ಲ. ಬಿಸಿಲೆಂದು ಬೀಗಿತ್ತಿ ಸೆರಗು ಹೊದ್ದುಕೊಂಡರು. ಆ ಎರಡೂ ಹೋದವು.

"ಹೆಂಗಿದೆ ಬೀಗ್ರೆ? ನಿಮ್ಮ ಟೈಲ್ಸು ಎಲ್ಲ ಕಾಣ್ತಿದ್ಯಾ?" ಎಂದರು.

"ಎಲ್ಲಾ ಕಾಣತೈತ್ರಿ ಅಕ್ಕಾ" ಎಂದೆ. "ಇನ್ನ ನಾವು ಬರೂದೇ ಬ್ಯಾಡ."