ಸಾವ್ಕಾರರ ಲಂಗರಿಗೆ ಎಷ್ಟು ಮಾರು ಹಗ್ಗ?

ದೋಣಿಯ ಲಂಗರಿಗೆ ಎಷ್ಟುದ್ದ ಹಗ್ಗ ಬೇಕು ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನಗು ಬರುತ್ತದೆ, ಉತ್ತರ ಆಮೇಲೆ. ಹಗ್ಗ ಅನ್ನುವುದು ಕೈಗೆ ಬಂತೆಂದರೆ ಮನುಷ್ಯ ಏನಾದರೊಂದು ಪೇಚಿಗೆ ಸಿಕ್ಕಿಕೊಳ್ಳದೆ ಬಿಡುವುದಿಲ್ಲ. ನನ್ನ ನೌಕರಿಯ ತುಂಬ ಇದೇ ನಡೆಯಿತು.

ಆಗ ನಾನು ಬಾಗಲಕೋಟೆಯ ಒಬ್ಬ ಅರಿವೆ ಸಾವ್ಕಾರರ ಮೋಟಾರ್ ದೋಣಿಗೆ ಡ್ರೈವರ್. ಮುಂಬಯಿ ಬಂದರಿನಲ್ಲಿ ಇಂಜಿನ್ನಿನ ಕೆಲಸ ಕಲಿತು ಊರಿಗೆ ಬಂದಿದ್ದೆ. ನಮ್ಮ ಕಡೆ ಮೋಟಾರ್ ಗಾಡಿ ನೋಡಲು ಮಂದಿ ಮನೆ ಬಿಟ್ಟು ಓಡಿಬರುತ್ತಿದ್ದ ಕಾಲ ಅದು. ಸಾವ್ಕಾರರು ಮುಂಬಯಿಗೆ ಅರಿವೆ ತರಲು ಹೋದವರು ಯಾವನೋ ಸಾಹೇಬನ ಹಳೆಯ ದೋಣಿ ಕೊಂಡು, ರೈಲಿನಲ್ಲಿ ಹೇರಿಕೊಂಡು ಬಂದುಬಿಟ್ಟರು. ಘಟಪ್ರಭೆ ತುಂಬಿದಾಗ ಅದರಲ್ಲಿ ಕೂತು, ಕೃಷ್ಣೆಗೆ ಇಳಿದು, ಹುನಗುಂದ ತಾಲೂಕಿನ ಕೂಡಲಸಂಗಮದ ತನಕ ಹೋಗಬೇಕು, ಜೊತೆಗೆ ಇಳಕಲ್ಲಿನ ಮಾವನನ್ನು ಕರೆದೊಯ್ಯಬೇಕು ಅನ್ನುವುದು ಅವರ ಆಸೆ. ಮಾವ ಸೀರೆ ವ್ಯಾಪಾರಿ. ಅಳಿಯ ಏನು ಕೊಂಡರೂ ಎರಡು ಬೆರಳಿನಿಂದ ಮುಟ್ಟಿ ನೋಡಿ, ಇದು ಬಾಳಿಕೆ ಬರುವುದಿಲ್ಲ ಅನ್ನುತ್ತಿದ್ದರು. ಆ ಮಾವನ ಬಾಯಿಂದ ಒಮ್ಮೆ ಚಲೋ ಐತಿ ಅನ್ನಿಸಬೇಕೆಂದು ಸಾವ್ಕಾರರು ಹಟ ಹಿಡಿದಿದ್ದರು. ದೋಣಿ ಓಡಿಸುವುದಕ್ಕೆ ನಾನಿದ್ದೆ. ತ್ರಾಸು ಇದ್ದದ್ದು ನಿಲ್ಲಿಸುವುದರಲ್ಲಿ.

ಬಾವಿಯ ಲೆಕ್ಕ

ದೋಣಿಯ ಜೊತೆ ಸಣ್ಣದೊಂದು ಲಂಗರು ಬಂದಿತ್ತು, ಹಗ್ಗ ಇರಲಿಲ್ಲ. ನೀರು ಎಷ್ಟು ಆಳವೋ ಅದರ ಐದಾರು ಪಟ್ಟು ಉದ್ದದ ಹಗ್ಗ ಬೇಕು ಅಂತ ನಾನು ಹೇಳಿದೆ. ಸಾವ್ಕಾರರು ನಕ್ಕರು.

"ನಮ್ಮ ಬಾವಿ ಎಷ್ಟ ಆಳ ಐತಿ, ಹಗ್ಗಾನೂ ಅಷ್ಟ ಐತಿ. ಕೊಡ ಮುಳುಗೂದಿಲ್ಲೇನು? ನೀ ಮುಂಬಯಿ ಮಂದಿ ಮಾತು ಕಲ್ತು ಬಂದಿ."

ಕೊಡ ನೆಟ್ಟಗೆ ಮೇಲೆ ಬರಬೇಕು, ಲಂಗರು ಅಡ್ಡ ಮಲಗಿ ನೆಲ ಕಚ್ಚಬೇಕು, ಹಗ್ಗ ಗಿಡ್ಡವಾದರೆ ಅದು ನೆಲ ಬಿಟ್ಟು ಏಳುತ್ತದೆ ಅಂತ ಬಿಡಿಸಿ ಹೇಳಿದೆ. ಅವರು ನೀರಿನ ಆಳಕ್ಕೆ ಸರಿಯಾಗಿ ಹಗ್ಗ ಕತ್ತರಿಸಿ, ನನ್ನ ಸಮಾಧಾನಕ್ಕೆಂದು ಒಂದು ಗೇಣು ಹೆಚ್ಚು ಬಿಟ್ಟರು.

ನಡುಹೊಳೆಯಲ್ಲಿ ಲಂಗರು ಬಿಟ್ಟೆವು. ಇಂಜಿನ್ ಬಂದ್ ಮಾಡಿದೆ. ಸಾವ್ಕಾರರು ಜರಿ ರುಮಾಲು ಸುತ್ತಿಕೊಂಡು ದೋಣಿಯ ಮೂತಿಯಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತರು. ದಂಡೆಯ ಮೇಲೆ, ಗುಡಿಯ ಮುಂದೆ, ಅರ್ಧ ಊರೇ ನೆರೆದಿತ್ತು. ಕೆಳಗೆ ಲಂಗರು ಕೋಳಿಯ ಹಾಗೆ ಜಿಗಿಯುತ್ತ ಬರುತ್ತಿರುವುದು ನನಗೆ ಹಗ್ಗ ಮುಟ್ಟಿದರೇ ತಿಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಸಾವ್ಕಾರರು ಹುಬ್ಬು ಗಂಟಿಕ್ಕಿ ಕೇಳಿದರು, "ಅಲ್ಲಲೇ, ಗುಡಿ ಯಾಕ ಹಿಂದಕ್ಕ ಸರಿಯಾಕತ್ತೈತಿ?"

ಗುಡಿ ಇದ್ದಲ್ಲೇ ಇದೆ, ಹೊರಟವರು ನಾವು ಅಂದೆ. ಅಷ್ಟರಲ್ಲಿ ಅರಿವೆ ಒಗೆಯುತ್ತಿದ್ದ ಹೆಂಗಸೊಬ್ಬಳು ಸಾವ್ಕಾರರು ಯಾವ ಊರಿಗೆ ಹೊರಟರೆಂದು ಕೂಗಿ ಕೇಳಿದಳು. ಸಾವ್ಕಾರರು ಸೊಂಟದ ಮೇಲಿನ ಕೈ ತೆಗೆಯದೆ, "ಮುಂದಿನ ಹಳ್ಳಿಗೆ. ಸಣ್ಣ ಕೆಲಸ ಐತಿ" ಅಂದರು.

ಆ ಹಳ್ಳಿಯ ಹತ್ತಿರ ಹಗ್ಗ ಬಂಡೆಗೆ ತಿಕ್ಕಿ ಹರಿದು ಲಂಗರು ಹೋಯಿತು. ನಾವು ದಂಡೆ ಹತ್ತಿದೆವು. ಅಲ್ಲಿಯೂ ಮಂದಿ ಸೇರಿ ಏನು ಬಂದಿರಿ ಅಂತ ಕೇಳಿದರು. ಬಂದದ್ದಕ್ಕೆ ಸಾವ್ಕಾರರು ಒಂದು ಬುಟ್ಟಿ ಬದನೆಕಾಯಿ ಕೊಂಡರು.

ಬಾದಾಮಿಯಲ್ಲಿ ಇಳಿದ ದೇವರು

ಮುಂಬಯಿಯಿಂದ ದೊಡ್ಡ ಲಂಗರು, ಜೊತೆಗೊಂದು ಸರಪಳಿ ತರಿಸಿದರು. ಅವು ಹೇಗೋ ಬಾಗಲಕೋಟೆ ದಾಟಿ ಹೋಗಿ ಬಾದಾಮಿಯಲ್ಲಿ ಇಳಿದವು. ತರಲು ನಾವಿಬ್ಬರೂ ಹೋದೆವು.

ಸ್ಟೇಶನ್ನಿನ ಹೊರಗೆ ಬೇವಿನ ಮರಕ್ಕೆ ಲಂಗರನ್ನು ಒರಗಿಸಿದ್ದರು. ಅದರ ಮೈತುಂಬ ಅರಿಷಿಣ ಕುಂಕುಮ, ಕೊರಳಿಗೆ ಚೆಂಡುಹೂವಿನ ಹಾರ. ಬುಡದಲ್ಲಿ ಸುತ್ತಿಟ್ಟ ಸರಪಳಿಯ ಮುಂದೆ ಯಾರೋ ಹಾಲು ಇಟ್ಟಿದ್ದರು. ಪಕ್ಕದಲ್ಲಿ ಚೊಳಚಗುಡ್ಡದ ಒಬ್ಬ ಮುದುಕಿ ಕೂತಿದ್ದಳು. ಆ ದೇವರಿಗೆ ಕೈ ಮುಗಿದ ಮೇಲೆ ತನ್ನ ಮೊಣಕಾಲು ನೋವು ಇಳಿದಿದೆ ಅಂತ ಬಂದವರಿಗೆಲ್ಲ ಹೇಳುತ್ತಿದ್ದಳು. ಸುತ್ತ ಹತ್ತಾರು ಮಂದಿ. ಲಂಗರಿಗೆ ಕೈ ಹಾಕಿದರೆ ನಮ್ಮ ಗತಿ ನೆಟ್ಟಗಿರಲಿಲ್ಲ.

ಸಾವ್ಕಾರರು ನನ್ನನ್ನು ಮುಂದೆ ತಳ್ಳಿದರು. ಇದು ದೋಣಿಯ ಸಾಮಾನು, ಹೊಳೆಗೆ ಬಿಡುವುದು ಅಂತ ಮೆಲ್ಲಗೆ ಹೇಳಿದೆ. ಮುದುಕಿ ಯೋಚನೆ ಮಾಡಿದಳು.

"ಹೊಳ್ಯಾಗ ಬಿಡ್ತೀರೇನು?"

"ಹೌದಬೇ."

"ಹಂಗಂದ್ರ ದೇವರನ್ನ ಕಳಸಾಕ ಬಂದೀರಿ. ಅದನ್ನ ಮೊದಲ ಹೇಳಬಾರದ?"

ಆಮೇಲೆ ನಮ್ಮನ್ನು ತಡೆಯುವವರೇ ಇಲ್ಲ. ಹಲಗೆ ಬಾರಿಸುತ್ತ, ಗುಲಾಲು ಹಾರಿಸುತ್ತ ಲಂಗರನ್ನು ಅವರೇ ಹೊತ್ತು ರೈಲಿಗೆ ಏರಿಸಿದರು. ಗಾಡಿ ಬಿಡುವಾಗ ಮುದುಕಿ ಕಿಟಕಿಯ ಹತ್ತಿರ ಬಂದು ಸಾವ್ಕಾರರಿಗೆ, "ಮುಂದಿನ ವರ್ಷ ಇದಕ್ಕಿಂತ ದೊಡ್ಡದ ತರ್ರಿ" ಅಂದಳು. ಮೈಯೆಲ್ಲ ಗುಲಾಲಾಗಿದ್ದ ಸಾವ್ಕಾರರು ಕೈ ಮುಗಿದು ಹೂಂ ಅಂದರು.

ಎಮ್ಮೆ ನೀರು ಕುಡಿದ ಹಾಗೆ

ಹಗ್ಗ ಒಮ್ಮೆ ಕೈಕೊಟ್ಟಿತ್ತಲ್ಲ, ಈಗ ಪೂರ್ತಿ ಸರಪಳಿಯೇ ಇರಲಿ, ಹಗ್ಗ ಬೇಡವೇ ಬೇಡ ಅಂತ ಸಾವ್ಕಾರರ ಹುಕುಂ ಆಯಿತು. ದೋಣಿ ಸಣ್ಣದು, ಅಷ್ಟು ಕಬ್ಬಿಣ ತಡೆಯುವುದಿಲ್ಲ ಅಂದೆ. ಕೇಳಲಿಲ್ಲ. ಸರಪಳಿಯನ್ನೆಲ್ಲ ಮೂತಿಯಲ್ಲಿ ಪೇರಿಸಿದ್ದೇ ತಡ, ದೋಣಿಯ ಮೂತಿ ನೀರಿಗೆ ಇಳಿಯಿತು, ಬಾಲ ಮೇಲೆದ್ದಿತು. ಇಂಜಿನ್ ಚಾಲೂ ಮಾಡಿದರೆ ಹಿಂದಿನ ಪಂಖ ಅರ್ಧ ನೀರು ಅರ್ಧ ಗಾಳಿಯಲ್ಲಿ ಗರಗರ ತಿರುಗಿ ದಂಡೆಯ ಮೇಲಿದ್ದವರಿಗೆಲ್ಲ ನೀರು ಸಿಡಿಸಿತು. ದೋಣಿ ಒಂದು ಗೇಣೂ ಮುಂದೆ ಹೋಗಲಿಲ್ಲ. ದಾಟಿಸುವ ಅಂಬಿಗ ತನ್ನ ಹರಗೋಲು ನಿಲ್ಲಿಸಿಕೊಂಡು ಸಾವಕಾಶ ನೋಡಿದ.

"ಅವಸರ ಮಾಡಬ್ಯಾಡ್ರಿ ಸಾವ್ಕಾರ್ರ. ನೀರು ಕುಡದ ಆದ ಮ್ಯಾಲೆ ತಾನ ಏಳತೈತಿ."

ಸರಪಳಿಯನ್ನು ಕಮ್ಮಾರನಿಂದ ಕಡಿಸಿ ಸಣ್ಣದೊಂದು ತುಂಡು ಮಾತ್ರ ದೋಣಿಗೆ ಇಟ್ಟುಕೊಂಡೆವು. ಉಳಿದದ್ದನ್ನು ಸಾವ್ಕಾರರ ಮನೆಯ ತೂಗುಮಂಚಕ್ಕೆ ಹಾಕಿದರು. ಅದನ್ನು ತೂಗಲು ಇಬ್ಬರು ಆಳು ಬೇಕಾಗುತ್ತಿತ್ತು.

ಪೈಲ್ವಾನನ ಮಾರು

ಕೊನೆಗೆ ಅವರದೇ ಭಾಷೆಯಲ್ಲಿ ಹೇಳಿದೆ. ಇಳಕಲ್ ಸೀರೆಯಲ್ಲಿ ಮೈಗೆ ಒಂದು ನೂಲು, ಸೆರಗಿಗೆ ಇನ್ನೊಂದು ನೂಲು ಕೂಡಿಸುತ್ತಾರಲ್ಲ, ಹಾಗೆಯೇ ಲಂಗರಿನ ಹತ್ತಿರ ನೆಲಕ್ಕೆ ಒತ್ತಲು ಭಾರದ ಸರಪಳಿ, ಅದರ ಹಿಂದೆ ಉದ್ದಕ್ಕೆ ಹಗ್ಗ. ಸಾವ್ಕಾರರು ನನ್ನ ಬೆನ್ನು ತಟ್ಟಿದರು. ಇಷ್ಟು ದಿನ ಇದನ್ನು ಯಾಕೆ ಹೇಳಲಿಲ್ಲ ಅಂತ ಬೈದರು ಕೂಡ.

ನಮ್ಮಲ್ಲಿ ಹಗ್ಗ ಅಳೆಯುವುದು ಮಾರಿನ ಲೆಕ್ಕದಲ್ಲಿ, ಅಂದರೆ ಎರಡೂ ಕೈ ಚಾಚಿದಷ್ಟು ಉದ್ದ. ಹೊಳೆಯ ಆಳವನ್ನು ಅಂಬಿಗ ತನ್ನ ಮಾರಿನಿಂದ ಅಳೆದು ಹೇಳಿದ್ದ. ಹಗ್ಗದ ಅಂಗಡಿಯ ಚಾಚಾ ಕುಳ್ಳಗಿನ ಮನುಷ್ಯ, ಅಂಬಿಗನದೂ ಅದೇ ಅಳತೆ. ಸಾವ್ಕಾರರು ವ್ಯಾಪಾರಿಯಲ್ಲವೇ, ಅದೇ ದುಡ್ಡಿಗೆ ಹೆಚ್ಚು ಹಗ್ಗ ಸಿಗಲೆಂದು ಅಳೆಯಲು ಗರಡಿಮನೆಯಿಂದ ಒಬ್ಬ ಪೈಲ್ವಾನನನ್ನು ಕರೆತಂದರು. ಅವನು ಕೈ ಚಾಚಿದರೆ ಅಂಗಡಿಯ ಎರಡೂ ಗೋಡೆ ಮುಟ್ಟುತ್ತಿದ್ದವು.

ಚಾಚಾ ಜಗಳಕ್ಕೆ ನಿಲ್ಲಲಿಲ್ಲ. ಅಡಕೆ ಅಗಿಯುತ್ತ ಹೇಳಿದ, "ಆಗ್ಲಿ ಸಾವ್ಕಾರ್ರ, ಇವರ ಮಾರ್ಲೇನ ಕೊಡ್ತೇನಿ. ಆದರ ಹೊಳೀನೂ ಅದ ಮಾರ್ಲೇ ಅಳದಿರಬೇಕಲ್ಲ? ಮೊದಲ ಇವರನ್ನ ನಡುಹೊಳ್ಯಾಗ ಇಳಸ್ರಿ."

ಪೈಲ್ವಾನನಿಗೆ ಈಜು ಬರುತ್ತಿರಲಿಲ್ಲ. ಅವನು ಹಗ್ಗ ಕೆಳಗಿಟ್ಟು, ಒಂದು ಕೈ ಮಡಚಿ, "ಖರೆ ಹೇಳ್ಬೇಕಂದ್ರ ನಂದು ಎಡಗೈ ಮೊದಲಿನಿಂದ ಗಿಡ್ಡ ಐತ್ರಿ" ಅಂದ.

ಸಂಗಮದಲ್ಲಿ

ಅಂತೂ ಮಳೆ ನಿಂತು ನೀರು ತಿಳಿಯಾದ ಮೇಲೆ ಮಾವನನ್ನು ಕೂಡಿಸಿಕೊಂಡು ಹೊರಟೆವು. ದಾರಿಯುದ್ದಕ್ಕೂ ಅವರು ದೋಣಿಯ ಹಲಗೆ ಬಡಿದು ನೋಡಿದರು, ಗಾದಿ ಹಿಚುಕಿ ನೋಡಿದರು, ಒಂದು ಮಾತೂ ಆಡಲಿಲ್ಲ. ಕೃಷ್ಣೆ ಮಲಪ್ರಭೆ ಕೂಡುವ ಜಾಗ ಬಂತು. ಲಂಗರು ಬಿಡಬೇಕು ಅನ್ನುವಾಗ ಮಾವನ ಕಣ್ಣು ಸುತ್ತಿಟ್ಟ ಹಗ್ಗದ ಮೇಲೆ ಬಿತ್ತು. ಒಂದೇ ತುಂಡೋ, ನಡುವೆ ಗಂಟು ಹಾಕಿದ್ದೋ ಅಂತ ಕೇಳಿದರು. ಮಡಿಕೆ ಬಿಚ್ಚಿ ಎರಡೂ ತುದಿ ನೋಡದೆ ಸೀರೆ ಕೊಳ್ಳದ ಮನುಷ್ಯ. ಸಾವ್ಕಾರರು ಹುರುಪಿನಿಂದ ದೋಣಿಯ ಮೂತಿಯ ಕಬ್ಬಿಣದ ಬಳೆಗೆ ಕಟ್ಟಿದ್ದ ತುದಿಯನ್ನು ಬಿಚ್ಚಿ ಮಾವನ ಕೈಗೆ ಕೊಟ್ಟರು. ಮಾವ ಹಗ್ಗವನ್ನೆಲ್ಲ ಬೆರಳ ಸಂದಿಯಲ್ಲಿ ಹಾಯಿಸಿ ನೋಡಿ ಕೆಳಗಿಟ್ಟು, "ಚಲೋ ಐತಿ" ಅಂದರು.

ಮದುವೆಯಾದಾಗಿನಿಂದ ಆ ಮಾತಿಗೆ ಕಾದಿದ್ದ ಅಳಿಯ! ಹಿಗ್ಗಿನಲ್ಲಿ ತುದಿ ಮತ್ತೆ ಕಟ್ಟುವುದನ್ನೇ ಮರೆತು, ತಾವೇ ಲಂಗರು ಎತ್ತಿ ನೀರಿಗೆ ಒಗೆದರು. ನಾನು ಇಂಜಿನ್ ಬಂದ್ ಮಾಡಿ ತಲೆ ಎತ್ತಿದೆ. ಸರಪಳಿ ಝಳಝಳ ಇಳಿಯಿತು. ಹಗ್ಗ ಸುರುಳಿ ಸುರುಳಿಯಾಗಿ ಬಿಚ್ಚುತ್ತ ಓಡಿತು. ಕೊನೆಯ ತುದಿ ಅಂಚಿನ ಮೇಲೆ ಒಮ್ಮೆ ಎದ್ದು ನಿಂತು, ಸರಕ್ಕನೆ ಹೋಯಿತು.

ಸಾವ್ಕಾರರು ನನ್ನ ಮುಖ ನೋಡಿದರು. ನಾನು ನೀರು ನೋಡಿದೆ.

"ಪೂರಾ ಬಿಡಬೇಕೇನ್ರಿ ಅದನ್ನ?" ಮಾವ ಕೇಳಿದರು.

"ಪೂರಾ ಬಿಡಬೇಕ್ರಿ ಮಾವಾರ" ಅಂದರು ಸಾವ್ಕಾರರು. "ಒಳಗ ತಳಾ ಹಿಡಕೊಂಡ ಕುಂಡರತೈತಿ."

ಎರಡೂ ಹೊಳೆಯ ಸೆಳವು ದೋಣಿಯನ್ನು ಗರಕ್ಕನೆ ತಿರುಗಿಸಿತು. ನಾನು ಇಂಜಿನ್ನಿನ ಹ್ಯಾಂಡಲ್ ತಿರುವಿದೆ, ಅದು ಕೆಮ್ಮಿ ಸುಮ್ಮನಾಯಿತು. ಮತ್ತೆ ತಿರುವಿದೆ, ಮತ್ತೆ ಕೆಮ್ಮಿತು. ಅಂಗಿ ಬೆವರಿನಿಂದ ತೊಯ್ದುಹೋಯಿತು. ದೋಣಿ ಹೊರಟಿದೆಯಲ್ಲ ಅಂತ ಮಾವ ಕೇಳಿದರು. ಹಗ್ಗ ಬಿಗಿ ಆಗುವ ತನಕ ಹೋಗುತ್ತದೆ ಅಂತ ಸಾವ್ಕಾರರು ಕಣ್ಣು ಮುಚ್ಚಿ ಹೇಳಿದರು. ಅವರ ತುಟಿ ಅಲುಗುತ್ತಿತ್ತು, ಸಂಗಮನಾಥನನ್ನೇ ನೆನೆಯುತ್ತಿದ್ದರೆಂದು ಕಾಣುತ್ತದೆ.

ಅಷ್ಟರಲ್ಲಿ ಧಡ್ ಅಂತ ದೋಣಿ ದಂಡೆಯ ಹತ್ತಿರದ ಮಳಲ ದಿಬ್ಬಕ್ಕೆ ನುಗ್ಗಿ ಗಕ್ಕನೆ ನಿಂತಿತು. ಮೂವರೂ ಇದ್ದಲ್ಲೇ ಮುಗ್ಗರಿಸಿದೆವು. ಮಾವ ರುಮಾಲು ಸರಿಮಾಡಿಕೊಂಡು, "ಈಗ ಹಿಡೀತು ನೋಡ್ರಿ" ಅಂದರು.

ಮೊಣಕಾಲು ನೀರಿನಲ್ಲಿ ನಡೆದು ದಂಡೆ ಸೇರಿದೆವು. ದರ್ಶನ ಮುಗಿಸಿ ಬಂದು, ದೋಣಿ ಜಗ್ಗಲು ಹಳ್ಳಿಯವರನ್ನು ಕರೆದೆವು. ಅವರು ಎತ್ತು ಹೂಡಿ ಜಗ್ಗಿದರು, ಇನ್ನೊಂದು ಜೋಡಿ ತಂದು ಜಗ್ಗಿದರು, ದೋಣಿ ಕದಲಲಿಲ್ಲ. ಮಾವ ದಂಡೆಯ ಮೇಲೆ ನಿಂತು ಹೆಮ್ಮೆಯಿಂದ ಎಲ್ಲರಿಗೂ ಕೇಳುವ ಹಾಗೆ ಹೇಳಿದರು, "ಸುಮ್ನ ಎತ್ತು ಯಾಕ ದಣಸ್ತೀರೋ? ಅದು ನಮ್ಮ ಅಳಿಯಾರ ಲಂಗರ ಐತಿ."