ಉಗಾಂಡಕ್ಕೆ ಮುದ್ದೆ ಕಲಿಸಲು ಹೋದದ್ದು

ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ಹೊಳೆನರಸೀಪುರದ ಸೇವೆ ನನಗೆ ಸಾಕೆನಿಸಿತು. ಇನ್ನೇನಿದ್ದರೂ ಜಗತ್ತಿನ ಸೇವೆ! ಮಗಳು ಮೊಬೈಲಿನಲ್ಲಿ ಹುಡುಕಿ, ಉಗಾಂಡದ ಹಳ್ಳಿಶಾಲೆಯೊಂದರಲ್ಲಿ ಎರಡು ತಿಂಗಳು ಮಕ್ಕಳಿಗೆ ಆರೋಗ್ಯ ಪಾಠ ಹೇಳುವ ಸ್ವಯಂಸೇವೆ ಗೊತ್ತುಮಾಡಿಕೊಟ್ಟಳು.

ಸುದ್ದಿ ತಿಳಿದದ್ದೇ ತಡ, ಪಕ್ಕದ ಮನೆಯ ಗೊಬ್ಬರದಂಗಡಿ ರಾಜಣ್ಣ ನಮ್ಮೂರು ಹಳೇಕೋಟೆಯಲ್ಲಿ ಬೀಳ್ಕೊಡುಗೆ ಸನ್ಮಾನ ಏರ್ಪಡಿಸಿಯೇಬಿಟ್ಟ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಫ್ಲೆಕ್ಸಿನಲ್ಲಿ ನನ್ನ ಮುಖ ಆಫ್ರಿಕಾ ಖಂಡಕ್ಕಿಂತ ದೊಡ್ಡದಾಗಿತ್ತು.

"ಮೇಷ್ಟ್ರೇ, ಅವಧಿ ಮುಗೀದೆ ವಾಪಸ್ ಬಂದ್ಬುಟ್ರೆ ಊರ್ ಮಾನ ಓಯ್ತದೆ ಕಣ್ರೀ!" ಎಂದ ರಾಜಣ್ಣ.

"ಅವ್ರೇ ನನ್ನ ಬುಡಾಕಿಲ್ಲ ಕಣಯ್ಯ!" ಎಂದೆ.

ಹೆಂಡತಿ ಜಯಮ್ಮ ಮಾತ್ರ ನಗಲಿಲ್ಲ. "ರೀ, ತ್ವಾಟದಲ್ಲಿ ಕೋತಿಗಳು ಎಳ್ನೀರೆಲ್ಲ ಕಿತ್ತಾಕ್ತವೆ. ಓಡ್ಸಿ ಬನ್ನಿ ಅಂದ್ರೆ ಮಂಡಿನೋವು ಅಂತೀರಿ. ಇಮಾನ ಅತ್ತಾಕೆ ಮಾತ್ರ ಮಂಡಿ ನೆಟ್ಟಗಾಯ್ತದಾ?"

"ಲೋಕಕಲ್ಯಾಣದ ಮುಂದೆ ಕೋತಿ ಯಾವ ಲೆಕ್ಕ!" ಎಂದು ಘೋಷಿಸಿ, ಪೆಟ್ಟಿಗೆಗೆ ರಾಗಿಹಿಟ್ಟು, ಹುರುಳಿಕಾಳು, ಸಾರಿನ ಪುಡಿ, ಮುದ್ದೆ ಕೋಲು ತುಂಬಿಕೊಂಡು ಹೊರಟೆ. ಆಫ್ರಿಕಾದ ಮಕ್ಕಳಿಗೆ ರಾಗಿಯ ಶಕ್ತಿ ತೋರಿಸಬೇಡವೇ?

ಮೊದಲ ದಿನವೇ ಶಾಲೆಯ ಅಡುಗೆಮನೆಗೆ ನುಗ್ಗಿ, ಮುದ್ದೆ ಕಟ್ಟಿ, ಸಾರು ಮಾಡಿ ಬಡಿಸಿದೆ. ಮಕ್ಕಳು ಕಣ್ಣರಳಿಸುತ್ತಾರೆ ಅಂದುಕೊಂಡಿದ್ದೆ. ಆಕಳಿಸಿದರು. ಮುಖ್ಯೋಪಾಧ್ಯಾಯಿನಿ ವಿನಯದಿಂದ, "ಈ ರಾಗಿಯನ್ನು ನಮ್ಮಜ್ಜಿಯ ಕಾಲದಿಂದ ಹೀಗೇ ಬೇಯಿಸಿ ತಿರುವಿ ತಿನ್ನುತ್ತೇವೆ ಸರ್. ಅಷ್ಟು ದೂರದಿಂದ ಹೊತ್ತು ತಂದಿರಾ?" ಎಂದರು. ರಾಗಿಯ ತವರಿಗೇ ರಾಗಿ ಹೊತ್ತಿದ್ದೆ!

ಅಷ್ಟಕ್ಕೆ ಸುಮ್ಮನಾಗಿದ್ದರೆ ನಾನು ಮೇಷ್ಟ್ರೇ ಅಲ್ಲ. ನೋಡುತ್ತೇನೆ, ಮಕ್ಕಳು ಮುದ್ದೆಯನ್ನು ಅಗಿಯುತ್ತಿದ್ದಾರೆ! ಹಾಸನ ಜಿಲ್ಲೆಯಲ್ಲಿ ಹುಟ್ಟಿದವನ ರಕ್ತ ಕುದಿಯದೆ ಇರುತ್ತದೆಯೇ? "ಅಗಿಯಬಾರದು! ಸಾರಿಗೆ ಅದ್ದು, ನುಂಗು!" ಎಂದು ದೊಡ್ಡ ತುತ್ತೊಂದನ್ನು ಗುಳುಂ ಮಾಡಿ ತೋರಿಸಿದೆ. ಈಗ ಮಕ್ಕಳಿಗೆ ನಿಜಕ್ಕೂ ಖುಷಿಯಾಯಿತು. ಇಡೀ ಶಾಲೆ ಗುಳುಂ ಗುಳುಂ! ಮುದ್ದೆ ಮುಗಿದ ಮೇಲೆ ಬೇಯಿಸಿದ ಬಾಳೆಕಾಯಿ, ಗೆಣಸನ್ನೂ ಹಾಗೇ ನುಂಗತೊಡಗಿದರು. ಬಿಕ್ಕಳಿಕೆ ಶುರುವಾಯಿತು. ಮರುದಿನ ತಾಯಂದಿರ ದಂಡೇ ಬಂತು.

ಮುಖ್ಯೋಪಾಧ್ಯಾಯಿನಿ ಗೋಡೆಯತ್ತ ಬೆರಳು ತೋರಿಸಿದರು. ಆ ವಾರ ನಾನೇ ಕಲಿಸಬೇಕಿದ್ದ ಪಾಠದ ಚಿತ್ರಪಟ ತೂಗುತ್ತಿತ್ತು: 'ಪ್ರತಿ ತುತ್ತನ್ನೂ ಚೆನ್ನಾಗಿ ಅಗಿದು ತಿನ್ನಿ.'

"ಸರ್, ನೀವು ಈ ವಾರವೇ ಊರಿಗೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳಬಹುದು" ಎಂದರು.

ಪೇಟ, ಶಾಲು, ಫ್ಲೆಕ್ಸು, ರಾಜಣ್ಣ ಎಲ್ಲ ಕಣ್ಣೆದುರು ಬಂದು ನಿಂತರು. ನಿಜವಾಗಿಯೂ ಹೆದರಿಬಿಟ್ಟೆ. "ಮೇಡಂ, ಯಾವ ಕೆಲಸವಾದರೂ ಸರಿ, ಊರಿಗೆ ಮಾತ್ರ ಕಳಿಸಬೇಡಿ!" ಎಂದು ಅಂಗಲಾಚಿದೆ. ಅವರು ಯೋಚಿಸಿ ನನ್ನನ್ನು ಪರಿಸರ ಯೋಜನೆಗೆ ವರ್ಗ ಮಾಡಿದರು. ಕೆಲಸವೇನು? ಸಸಿ ಕೀಳಲು ಬರುವ ಕೋತಿಗಳನ್ನು ಓಡಿಸುವುದು! ಉಳಿದ ದಿನಗಳಲ್ಲೆಲ್ಲ ಖಾಲಿ ಡಬ್ಬ ಬಡಿಯುತ್ತ ಓಡಿದೆ. ಮಂಡಿನೋವು ಎಲ್ಲಿ ಹೋಯಿತೋ ಕಾಣೆ.

ಅವಧಿ ಮುಗಿಸಿಯೇ ಊರಿಗೆ ಮರಳಿದೆ. ಮತ್ತೆ ಸನ್ಮಾನ! "ವನ್ಯಜೀವಿಗಳ ನಡುವೆ ಕ್ಷೇತ್ರಕಾರ್ಯ ಕೈಗೊಂಡಿದ್ದೆ" ಎಂದು ಗಂಭೀರವಾಗಿ ಭಾಷಣ ಮಾಡಿದೆ. ಚಪ್ಪಾಳೆಯೋ ಚಪ್ಪಾಳೆ. ಅಷ್ಟರಲ್ಲಿ ರಾಜಣ್ಣ, ಮಗಳು ಆ ಶಾಲೆಯವರಿಂದ ತರಿಸಿಕೊಟ್ಟಿದ್ದ ವೀಡಿಯೋ ಹಾಕಿದ. ದೊಡ್ಡ ಪರದೆಯ ಮೇಲೆ ನಾನು ಪಂಚೆ ಎತ್ತಿಕಟ್ಟಿ, ಡಬ್ಬ ಬಡಿಯುತ್ತ, ಕೋತಿಯ ಹಿಂದೆ ಜಿಂಕೆಯಂತೆ ಓಡುತ್ತಿದ್ದೆ.

ಮುಂದಿನ ಸಾಲಿನಲ್ಲಿದ್ದ ಜಯಮ್ಮ ಎದ್ದು ನಿಂತಳು.

"ಅಯ್ಯೋ, ಮಂಡಿ ವಾಸಿ ಆಗ್ಬುಟ್ಟೈತೆ ಕಣ್ರಪ್ಪ! ನಾಳಿಂದ್ಲೇ ತ್ವಾಟಕ್ಕೆ ಕಳಿಸ್ತೀನಿ!"

ಈಗ ದಿನಾ ಬೆಳಿಗ್ಗೆ ತೆಂಗಿನ ತೋಟದಲ್ಲಿ ಡಬ್ಬ ಬಡಿಯುತ್ತೇನೆ. ಕೋತಿಗಳು ಮರದ ಮೇಲೆ ಆರಾಮಾಗಿ ಕೂತು ನೋಡುತ್ತವೆ. ನನ್ನ ವಿದೇಶಿ ಅನುಭವಕ್ಕೆ ಅವುಗಳ ಹತ್ತಿರ ಮೂರು ಕಾಸಿನ ಬೆಲೆಯಿಲ್ಲ!